ಹೂಳಿನ ಬಯಲಲ್ಲಿ ಹುಲಿಗೆವ್ವನ ಜೀಪು

ಹೂಳೂರು,
ಹೂಳುಶಕೆ ಇನ್ನೂರ ಹನ್ನೆರಡು, ಪಡುಗಾಳಿಯ ತಿಂಗಳು

ನಮಗಿಂತ ಬಹಳ ಮೊದಲು ಬದುಕಿದವರಿಗೆ ಹಂಪವ್ವ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ನಿಮ್ಮ ಕಾಲದ ದೊಡ್ಡ ಜಲಾಶಯವೊಂದು ಹೂಳು ತುಂಬಿ ಬಯಲಾದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಆ ಬಯಲಿನ ಮೇಲೆಯೇ ನಮ್ಮ ಊರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಭಾಷೆಯನ್ನು ನಾನು ಕಲಿತದ್ದು ಹೂಳಿನಲ್ಲಿ ಸಿಕ್ಕ ಒಂದೇ ಒಂದು ಸಿನಿಮಾದಿಂದ, ಅದರಲ್ಲಿ ಮಾತು ಕಡಿಮೆ, ಬೆಂಕಿ ಜಾಸ್ತಿ.

ವರ್ಷಕ್ಕೆರಡು ಬಾರಿ ಊರವರಿಗೆ ಅದನ್ನು ತೋರಿಸುವುದು ನನ್ನ ಕೆಲಸ. ಲೋಕ ಮುಳುಗಿದ ಮೇಲಿನ ಕಥೆ ಅದು, ಅಂದರೆ ನಮ್ಮ ಕಥೆ, ನಿಮ್ಮವರು ಊಹಿಸಿಕೊಂಡದ್ದು. ಕಬ್ಬಿಣದ ಹಲ್ಲು ಕಟ್ಟಿಕೊಂಡ ಲಾರಿಗಳು ಮರಳುಗಾಡಿನಲ್ಲಿ ಒಂದು ಬಸ್ಸನ್ನು ಅಟ್ಟಿಸಿಕೊಂಡು ಹೋಗುತ್ತವೆ. ಖಳನಾಯಕ ಲಾರಿಯ ನೆತ್ತಿಯ ಮೇಲೆ ಸಿಂಹಾಸನ ಬೆಸೆದುಕೊಂಡು ಕೂತಿರುತ್ತಾನೆ. ಉರಿಯುವ ಲಾರಿಯಿಂದ ಬಸ್ಸಿಗೆ ಹೆಂಗಸೊಬ್ಬಳು ಜಿಗಿಯುತ್ತಾಳೆ, ಅವಳ ಕಂಕುಳಲ್ಲಿ ಒಂದು ಜೀವಂತ ಕೋಳಿ. ಕೋಳಿ ಯಾಕೆಂದು ಇಲ್ಲಿ ಯಾರಿಗೂ ತಿಳಿಯದು. ನಾವು ಹಾಗೆಲ್ಲ ಬದುಕುತ್ತಿಲ್ಲ. ನವಣೆ ಬೆಳೆಯುತ್ತೇವೆ, ಮೇಕೆ ಸಾಕುತ್ತೇವೆ. ದೂರದ ಹೊಲಕ್ಕೆ ಹಾಯಿಬಂಡಿಯಲ್ಲಿ ಹೋಗುತ್ತೇವೆ. ಅದು ಬಟ್ಟೆಯ ಹಾಯಿ ಕಟ್ಟಿ ಗಾಳಿಗೆ ಬಿಟ್ಟ ಮೂರು ಗಾಲಿಯ ಬಂಡಿ. ಎಣ್ಣೆಗಾಗಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಆದರೂ ಆ ಬಸ್ಸು ಮುರಿದ ಸೇತುವೆಯ ಮೇಲಿಂದ ಹಾರುವಾಗ ಊರಿಗೆ ಊರೇ ಉಸಿರು ಬಿಗಿಹಿಡಿಯುತ್ತದೆ.

ನನ್ನ ಅಕ್ಕ ಹುಲಿಗೆವ್ವನನ್ನು ಹಾಯಿಬಂಡಿಯಲ್ಲಿ ಹಿಂದೆ ಹಾಕಿದವರು ಯಾರೂ ಇರಲಿಲ್ಲ. ನಲವತ್ತು ದಾಟುತ್ತಲೇ ಅವಳ ಕಣ್ಣು ಮಂಜಾಗತೊಡಗಿತು. ವೈದ್ಯರು ಕೈಚೆಲ್ಲಿದರು. ಅದೇ ವರ್ಷ ಹೂಳು ತೋಡುವಾಗ ಒಂದು ಜೀಪು ಸಿಕ್ಕಿತು. ಎಂಜಿನ್ ತುಕ್ಕು ತಿಂದು ಹೋಗಿತ್ತು, ಮೈ ಮಾತ್ರ ಗಟ್ಟಿಯಾಗಿತ್ತು. ಬಾವಿಯ ಎಂಜಿನ್ನನ್ನು ಅದಕ್ಕೆ ಕೂಡಿಸಿಕೊಡಿ, ಪೂರ್ತಿ ಕತ್ತಲಾಗುವ ಮೊದಲು ಒಂದು ಸಲ ಓಡಿಸುತ್ತೇನೆ ಎಂದು ಅಕ್ಕ ಊರನ್ನು ಕೇಳಿದಳು.

ಹೊಂಗೆ ಎಣ್ಣೆಯಲ್ಲಿ ನಡೆಯುವ ಆ ಎಂಜಿನ್ ಊರಿಗೆಲ್ಲ ಒಂದೇ. ನಮ್ಮ ನೀರೆಲ್ಲ ಅದರಿಂದಲೇ ಮೇಲೆ ಬರುತ್ತಿತ್ತು. ನೀರಿನ ಉಸ್ತುವಾರಿಯ ಗಾಳೆಪ್ಪಜ್ಜ ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದ:

"ಅದು ಕೆಟ್ಟರ ಊರಿಗೆ ನೀರು ಎಲ್ಲಿಂದ ತರ್ತಿಯವ್ವಾ?"

"ನಾ ಹಗ್ಗ ಜಗ್ಗತೀನಜ್ಜಾ. ಹಗ್ಗ ಜಗ್ಗಾಕ ಕಣ್ಣು ಬೇಕಾಗಂಗಿಲ್ಲ."

ಒಪ್ಪಿಗೆಯ ಕೈ ಮೊದಲು ಎತ್ತಿದವರು ದಿನಾ ಕೊಡ ಹೊರುವ ಹೆಂಗಸರೇ. ಗಾಳೆಪ್ಪಜ್ಜ ಕೈ ಎತ್ತಲಿಲ್ಲ. ಆದರೆ ಊರ ತೊಟ್ಟಿಗಳನ್ನೆಲ್ಲ ತುಂಬಿಸಿದ ಮೇಲೆ ತಾನೇ ಎಂಜಿನ್ ಬಿಚ್ಚಿಕೊಟ್ಟ.

ಸಿನಿಮಾದಲ್ಲಿನಂತೆಯೇ ಜೀಪಿನ ಬೆನ್ನಟ್ಟಲು ಹಾಯಿಬಂಡಿಗಳೆಲ್ಲ ಸಾಲಾಗಿ ನಿಂತವು. ಕುಂಬಾರ ತಿಪ್ಪಣ್ಣ ತನ್ನ ಬಂಡಿಯ ಮೇಲೆ ಕುರ್ಚಿ ಬಿಗಿದು, ತಲೆಗೊಂದು ಮಡಕೆ ಹಾಕಿಕೊಂಡು ಖಳನಾದ. ನನ್ನ ಕೈಗೆ ಕೋಳಿ ಕೊಟ್ಟು ಎಲ್ಲಕ್ಕೂ ಮುಂದಿನ ಬಂಡಿಗೆ ಹತ್ತಿಸಿದರು. ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಗುಡುಗಿತು. ಅಕ್ಕ ಹೊರಟೇಬಿಟ್ಟಳು. ಡೊಳ್ಳು, ಸಿಳ್ಳೆ, ಕೂಗು, ಹಿಂದಿನಿಂದ ಗಾಳಿ. ನನ್ನ ಹಲ್ಲುಗಳು ಕಟಕಟನೆ ಬಡಿಯುತ್ತಿದ್ದವು. ಅಷ್ಟು ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಗಾಳಿ ಬಿರುಸಾಗಿ ದೂಳು ಗೋಡೆಯಂತೆ ಎದ್ದಿತು. ಜೀಪು ಹಳೆಯ ಹೊಳೆಯ ಕೊರಕಲಿನ ಕಡೆಗೆ ತಿರುಗಿದ್ದು ಕಂಡಿತು. ಅಕ್ಕನಿಗೆ ಏನೂ ಕಾಣುತ್ತಿಲ್ಲವೆಂದು ನನಗೆ ಗೊತ್ತಾಯಿತು. ನಮ್ಮ ಬಂಡಿ ಜೀಪಿನ ಮಗ್ಗುಲಿಗೆ ಬಂದದ್ದೇ ಕೋಳಿ ಬಿಟ್ಟು ಜೀಪಿನ ಹಿಂಭಾಗಕ್ಕೆ ಜಿಗಿದೆ. ಸಿನಿಮಾದ ಹೆಂಗಸು ಹಕ್ಕಿಯಂತೆ ಇಳಿದಿದ್ದಳು. ನಾನು ಗದ್ದ ಬಡಿದುಕೊಂಡು ಬಿದ್ದೆ, ಒಂದು ಹಲ್ಲು ಮುರಿಯಿತು. ತೆವಳಿಕೊಂಡು ಹೋಗಿ ಅವಳ ಕಿವಿಗೆ ಕೂಗಿದೆ.

"ಬಲಕ್ಕ, ಅಕ್ಕಾ. ಬಲಕ್ಕ."

ಯಾಕೆಂದು ಕೇಳದೆ ಅವಳು ತಿರುಗಿಸಿದಳು. ಹಿಂದಿನ ಗಾಲಿಯೊಂದು ಕೊರಕಲಿನ ಅಂಚಿನಿಂದ ಜಾರಿ ಮತ್ತೆ ಮೇಲೇರಿತು. ಇನ್ನು ನಿಲ್ಲಿಸುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ಹಿಡಿದು ತನ್ನ ಭುಜದ ಮೇಲೆ ಇಟ್ಟುಕೊಂಡಳು.

"ನೀ ನೋಡು. ನಾ ಓಡಸ್ತೀನಿ."

ಹಾಗೆಯೇ ಇಡೀ ಬಯಲು ಸುತ್ತಿದೆವು, ಎಂಜಿನ್ ಸಿಡಿದು ನಿಲ್ಲುವ ತನಕ.

ದುರಸ್ತಿಗೆ ಒಂದು ಸುಗ್ಗಿಯೇ ಹಿಡಿಯಿತು. ಅಷ್ಟು ದಿನವೂ ಅಕ್ಕ ಬೆಳಿಗ್ಗೆ ಬಾವಿಯ ಹಗ್ಗ ಜಗ್ಗಿದಳು, ಅಂಗೈ ಒಡೆದರೂ ಬಿಡಲಿಲ್ಲ. ಕೆಲವರು ಗೊಣಗಿದರು, ಅದು ನ್ಯಾಯವೇ ಆಗಿತ್ತು. ಒಂದು ದಿನ ಗಾಳೆಪ್ಪಜ್ಜ ಬಂದು, ಹಗ್ಗಕ್ಕೆ ಕೈ ಹಾಕಿ ಅವಳ ಜೊತೆ ಬಹಳ ಹೊತ್ತು ಜಗ್ಗಿದ. ಆಮೇಲೆ ಆಚೀಚೆ ನೋಡಿ, ಹೆಂಗಿತ್ತು ಎಂದು ಮೆಲ್ಲಗೆ ಕೇಳಿದ.

"ಹೊಟ್ಯಾಗ ಗುಬ್ಬಿ ಹಿಂಡು ಎದ್ದಂಗಾತಜ್ಜಾ."

ಇನ್ನೊಮ್ಮೆ ಹೇಳು ಎಂದ. ಅವಳು ಮೊದಲಿನಿಂದ ಎಲ್ಲ ಹೇಳಿದಳು.

ಈಗ ಎಂಜಿನ್ ಬಾವಿಗೆ ಮರಳಿದೆ, ಅಕ್ಕನ ಕಣ್ಣು ಪೂರ್ತಿ ಹೋಗಿದೆ. ನಮ್ಮಲ್ಲಿರುವ ಸಿನಿಮಾ ಎಲ್ಲರಿಗೂ ಬಾಯಿಪಾಠವಾಗಿದೆ. ಆದ್ದರಿಂದ ನಿಮ್ಮಲ್ಲೊಂದು ಬೇಡಿಕೆ. ಅಂಥ ಇನ್ನೊಂದನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ನೀರು ತಾಗದ ಎತ್ತರದ ಜಾಗದಲ್ಲಿ ಹೂತಿಡಿರಿ. ಕಥೆ ಹೇಗಿದ್ದರೂ ನಡೆದೀತು. ಸದ್ದು ಮಾತ್ರ ಜೋರಾಗಿರಲಿ, ಅಕ್ಕ ಮುಂದಿನ ಸಾಲಿನಲ್ಲಿ ಕೂರುತ್ತಾಳೆ.