ಗಂಜಿ ಹಾಕದ ನೂಲು

ಪ್ರೀತಿಯ ಮಗಳು ಶೈಲಜಾ,

ಮೊನ್ನೆ ಕೆಟ್ಟ ಕನಸು ಬಿತ್ತು. ಗದ್ವಾಲಿನ ನಿನ್ನ ದವಾಖಾನೆಯಲ್ಲಿ, ಆಗಷ್ಟೇ ಹುಟ್ಟಿದ ಕೂಸಿನ ತಲೆಗೆ ನಾನು ಹೆಣೆದ ಟೊಪ್ಪಿಗೆ ಹಾಕಿದ್ದೆ ನೀನು. ಅದರ ಎಳೆಯೊಂದು ಬಿಚ್ಚಿ ಕೂಸಿನ ಬೆರಳಿಗೆ ಸುತ್ತಿಕೊಂಡಿತ್ತು. ನೀನು ಬಿಡಿಸಿದಷ್ಟೂ ಬಿಗಿಯುತ್ತಿತ್ತು. ಎದ್ದವಳೇ ಟೊಪ್ಪಿಗೆ ತೆಗೆದು ಎಳೆದೆಳೆದು ನೋಡಿದೆ. ಬಿಚ್ಚಲಿಲ್ಲ. ಆದರೂ ಜೀವಕ್ಕೆ ಸಮಾಧಾನವಿಲ್ಲ.

"ಅವ್ವಾ, ಚಳಿಗೆ ಕೂಸುಗಳು ಬರಿ ತಲಿಲೇ ಇರ್ತಾವ. ಒಂದು ಟೊಪ್ಪಿಗಿ ಹೆಣದು ಕೊಡು, ನಮ್ಮ ದೊಡ್ಡ ಸಿಸ್ಟರು ಚಲೋ ಐತಿ ಅಂದ್ರ ಇನ್ನಷ್ಟು ಮಾಡೋಣಂತ" ಎಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ಇದೇ ಚಿಂತೆ. ಮಗ್ಗದ ಮನೆಯವಳು ಮಾಡಿದ್ದು ವಾಪಸು ಬಂದರೆ ಎಲ್ಲರೆದುರು ನಿನ್ನ ಮುಖ ಸಣ್ಣದಾಗುವುದಲ್ಲ?

ಮೊದಲು ಮನೆಯಲ್ಲಿದ್ದ ಸೀರೆಯ ಕಪ್ಪು ನೂಲನ್ನೇ ಹಿಡಿದೆ. ನೂಲು ಸಣ್ಣಗಿದ್ದಷ್ಟೂ ಒಳ್ಳೆಯದೆಂದು ನನ್ನ ತಿಳುವಳಿಕೆ. ಹೆಣೆಯುವ ಕೊಕ್ಕೆಗೆ ಅದು ಸಿಗಲೊಲ್ಲದು, ಹೆಣಿಗೆಯ ಕಣ್ಣು ಕಾಣಲೊಲ್ಲದು. ಸಾಲದ್ದಕ್ಕೆ, ಹೇಗೋ ಹೆಣೆದು ಮುಗಿಸಿದ ಟೊಪ್ಪಿಗೆಗೆ ಮಗ್ಗಕ್ಕೆ ಏರಿಸುವ ನೂಲಿನ ಹಾಗೆ ಗಂಜಿ ಹಾಕಿ ಒಣಗಿಸಿದ್ದೆ! ನಿಮ್ಮಪ್ಪ ಅದನ್ನು ಉಗುರಿನಿಂದ ಬಡಿದು ನೋಡಿ, "ಹಂಪಮ್ಮಾ, ಇದು ಟೊಪ್ಪಿಗಿ ಅಲ್ಲ, ಹಪ್ಪಳ. ಎಣ್ಣಿ ಕಾಸಲೇನು?" ಎಂದರು. ಆಮೇಲೆ ಗಂಜಿಯ ಪಾತ್ರೆಯನ್ನೇ ಬಚ್ಚಿಟ್ಟರು.

ಬೇರೆ ನೂಲು ತರಲು ಮಖ್ತಲ್‌ಗೆ ಹೋದೆ. ಅಲ್ಲಿಯ ನೂಲಿನ ಅಂಗಡಿಯ ನರೇಂದರ್ ಉಂಡೆಗಳನ್ನು ಹರವಿದ. ನನ್ನ ಕೈ ಮತ್ತೆ ಸಣ್ಣ ನೂಲಿಗೇ ಹೋಯಿತು. "ಸೀರಿ ನೇಯಾಕ ಬಂದೀರೇನ್ರೀ ಅಮ್ಮಾ? ಹೊಸಬರು ದಪ್ಪ ನೂಲು ಹಿಡೀಬೇಕ್ರಿ, ತಿಳಿ ಬಣ್ಣದ್ದು. ತಪ್ಪಿದ್ರ ಅಲ್ಲೇ ಕಾಣತೈತಿ" ಎಂದ. ಗುಲಾಬಿ ಬಣ್ಣದ ಬೂರುಬೂರು ನೂಲಿಗೆ ಮನಸ್ಸಾಯಿತು. ಕೆನ್ನೆಗೆ ಒತ್ತಿದರೆ ಅದರ ಕೂದಲು ತುಟಿಗೆ ಹತ್ತಿತು. ಕೂಸಿನ ಬಾಯಿ ನೆನೆದು ಇಟ್ಟುಬಿಟ್ಟೆ. ಬೆಣ್ಣೆ ಬಣ್ಣದ ಹತ್ತಿ ನೂಲು ಆರಿಸಿದೆ. ಬಣ್ಣ ಬಿಡುತ್ತದೇನೋ ಎಂದು ತುದಿಯನ್ನು ಒದ್ದೆ ಮಾಡಿ ನನ್ನ ಬಿಳಿ ಸೆರಗಿಗೆ ಉಜ್ಜಿದೆ. "ನೇಕಾರರ ಊರು ನಾರಾಯಣಪೇಟಿಯವರು ಅಂತ ಈಗ ಗೊತ್ತಾತ್ರಿ" ಎಂದು ನರೇಂದರ್ ನಕ್ಕ. ನನ್ನ ಕೈಯಲ್ಲಿದ್ದ ಸೂಜಿಯಂಥ ಉಕ್ಕಿನ ಕೊಕ್ಕೆ ಬಿಡಿಸಿ, ಬೆರಳು ನೋಯದಂಥ ದಪ್ಪನೆಯದು ಕೊಟ್ಟ. ಐದನೇ ನಂಬರು.

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಫೋನಿನಲ್ಲಿ ನೋಡಿ, ಬಿಚ್ಚಿ, ಮತ್ತೆ ಹಾಕಿ ಕಲಿತೆ. ಟೊಪ್ಪಿಗೆ ಮುಗಿದಾಗ ತಂಬಿಗೆ ಬೋರಲು ಹಾಕಿ ತೊಡಿಸಿದೆ. ಮೆತ್ತಗೆ ಕೂತಿತು! ನಿಮ್ಮಪ್ಪ ತಂಬಿಗೆ ಸಮೇತ ಎತ್ತಿಕೊಂಡು, "ನಮ್ಮ ಶೈಲಜಾನ ದವಾಖಾನಿಗೆ ಹೊಂಟೈತಿ ನೋಡ್ರಿ" ಎಂದು ಓಣಿಗೆಲ್ಲ ತೋರಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನೇಯ್ದ ಸೀರೆ ಯಾರು ಉಡುತ್ತಾರೋ ನನಗೆಂದೂ ತಿಳಿದಿಲ್ಲ. ಇದು ಮಾತ್ರ ನನ್ನ ಮಗಳ ಕೈಯಿಂದ ಒಂದು ಕೂಸಿನ ತಲೆಗೇರುತ್ತದೆ. ಇಷ್ಟು ಹೆಮ್ಮೆ ಪಡಬಹುದೋ ಇಲ್ಲವೋ, ಅದೂ ಒಂದು ಭಯ.

ನಿನ್ನ ಕೈಗೆ ಬಂದ ಕೂಸುಗಳೆಲ್ಲ ಬೆಚ್ಚಗಿರಲಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಹಂಪಮ್ಮ

ಟೊಪ್ಪಿಗೆಯನ್ನು ಒಳಮಗ್ಗುಲು ತಿರುಗಿಸಿ, ನೆತ್ತಿಯ ಹತ್ತಿರ ಎಳೆ ಕಟ್ಟಿದ ಗಂಟಿನ ಮೇಲೆ ಒಮ್ಮೆ ಬೆರಳಾಡಿಸು. ನಾನು ನೋಡಿಯೇ ಕಳಿಸಿದ್ದೇನೆ. ಆದರೂ ಕೂಸಿಗೆ ಹಾಕುವ ಮುಂಚೆ ನೀನು ಇನ್ನೊಮ್ಮೆ ನೋಡವ್ವ.