ಬೇಲಿಗೆ ಬಿಟ್ಟ ಊಸರವಳ್ಳಿಗಳು

ನವೆಂಬರ್ 4, ಬೆಳಿಗ್ಗೆ

ನೀರಿನ ಬಾಟಲಿಗಳ ತೂತು ಮತ್ತೆ ಕಟ್ಟಿಕೊಂಡಿತ್ತು. ಸೂಜಿ ಹಾಕಿ ಬಿಡಿಸಿದೆ. ಎಲೆಯ ಮೇಲೆ ತೊಟ್ಟು ತೊಟ್ಟಾಗಿ ಬಿದ್ದರೆ ಮಾತ್ರ ಕುಡಿಯುತ್ತವೆ. ತಟ್ಟೆಯಲ್ಲಿಟ್ಟ ನೀರು ಇವುಗಳ ಕಣ್ಣಿಗೆ ನೀರೇ ಅಲ್ಲ. ರಾಜವಂಶ! ಬೊಂಡಾಸ ಮೀನಿನ ಎಲುಬು ಕುಟ್ಟಿ, ಪುಡಿಯಲ್ಲಿ ಮಿಡತೆಗಳನ್ನು ಹೊರಳಿಸಿ ಕೊಟ್ಟೆ. ಹೊಟ್ಟೆ ಬಿರಿಯ ತಿಂದಮೇಲೂ ದೊಡ್ಡ ಗಂಡು ಕರ್ನಲ್‌ಗೆ ಸಿಟ್ಟು. ಅವನ ಗೂಡಿಗೂ ಪಕ್ಕದ ಗೂಡಿಗೂ ನಡುವೆ ತೆಂಗಿನ ಗರಿ ಕಟ್ಟುವುದನ್ನು ಮರೆತಿದ್ದೆ. ಎಳೆಯ ಗಂಡು ಕಣ್ಣಿಗೆ ಬಿದ್ದದ್ದೇ ತಡ, ಮೈಯೆಲ್ಲ ಕೆಂಪೇರಿಸಿಕೊಂಡು ಬಂದು, ಬಲೆಯ ಕಿಂಡಿಯಲ್ಲೇ ಅದರ ಪಾದ ಕಚ್ಚಿ ಹರಿದುಬಿಟ್ಟ. ಅರಿಸಿನ ಹಚ್ಚಿದೆ. ಉಳಿಯುತ್ತದೋ ಇಲ್ಲವೋ.

ಲವಂಗ ಬಿಡಿಸುವ ಹೆಂಗಸರು ಬೇಲಿಯಾಚೆಯಿಂದಲೇ ಮಾತಾಡಿಸಿ ಹೋದರು. ಊಸರವಳ್ಳಿ ಮುಟ್ಟುವವಳ ಮನೆ ಕಾಫಿ ಯಾರಿಗೂ ಬೇಡ. ಒಬ್ಬಳು ಕರ್ನಲ್‌ನನ್ನು ತೋರಿಸಿದ್ದೂ ಬೆರಳು ಮಡಚಿ, ಗೆಣ್ಣಿನಿಂದ. ನೆಟ್ಟಗೆ ತೋರಿಸಿದ ಬೆರಳು ಕೊಳೆತು ಬೀಳುತ್ತದಂತೆ. ನಾನೂ ತೋರಿಸುವುದಿಲ್ಲ, ಸುಳ್ಳೇಕೆ ಹೇಳಲಿ.

ನವೆಂಬರ್ 5

ತಂಗಿ ಬಂದಳು. ಫೆಲಾನ. ಯಾರದೋ ಲಾರಿಯಲ್ಲಿ, ಲವಂಗದ ಮೂಟೆಗಳ ಮೇಲೆ ಕೂತು. ಎಡಗಣ್ಣು ಮುಚ್ಚಿಹೋಗಿದೆ. ಪಕ್ಕೆ ಮುಟ್ಟಗೊಡಲಿಲ್ಲ. ಅವಳ ಗಂಡ ಇನ್ಯಾಸ್ ಜಾಕಿ ರಾಡಿನಿಂದ ಹೊಡೆದಿದ್ದಾನೆ. ಅನ್ನ ತಣ್ಣಗಿತ್ತಂತೆ.

ಅವನೂ ಲಾರಿ ಡ್ರೈವರ್. ಊಸರವಳ್ಳಿ ಕೊಂದರೆ ದೋಷವೆಂದು, ಅಡ್ಡ ಬಂದರೆ ನಡುರಸ್ತೆಯಲ್ಲಿ ಬ್ರೇಕ್ ಹಾಕಿ, ಅದು ನಿಧಾನವಾಗಿ ದಾಟುವವರೆಗೆ ಕೈಕಟ್ಟಿ ಕೂತಿರುತ್ತಾನೆ. ನಾನೇ ನೋಡಿದ್ದೇನೆ. ಹೆಂಡತಿ ಅಡ್ಡ ಬಂದರೆ ಬ್ರೇಕಿಲ್ಲ.

ಅಣ್ಣ ತಿಲಾಹಿಗೆ ಹೇಳಿ ಕಳಿಸಿದೆ. "ಅಲ್ಲೇ ಇರ್ಲಿ. ಅವ್ನು ಹಿರಿಯರನ್ನ ಕರ್ಕೊಂಡು ಕ್ಷಮೆ ಕೇಳೋಕೆ ಬಂದೇ ಬರ್ತಾನೆ" ಎಂದನಂತೆ. ಹೋದ ವರ್ಷವೂ ಬಂದಿದ್ದ. ರಮ್ ಕುಡಿದರು, ಇವಳನ್ನು ಕಳಿಸಿದರು.

ನವೆಂಬರ್ 9

ಹೆಣ್ಣು ಊಸರವಳ್ಳಿ ಮಾದಾಂಳನ್ನು, ಕೂಡುತ್ತಾಳೋ ಎಂದು ನೋಡಲು ಕರ್ನಲ್ ಗೂಡಿಗೆ ಬಿಟ್ಟೆ. ಕಂಡ ಕೂಡಲೇ ಕಪ್ಪಾದಳು — ಕಪ್ಪಿನ ಮೇಲೆ ಕಿತ್ತಳೆ ಪಟ್ಟೆ. ಬಾಯಿ ತೆರೆದು ಬುಸ್ ಎಂದಳು. ಮೊಟ್ಟೆ ಹೊತ್ತಿದ್ದಾಳೆ. ತಕ್ಷಣ ಕೈಹಾಕಿ ತೆಗೆದೆ.

ಫೆಲಾನ ನೋಡುತ್ತಿದ್ದಳು. "ತೆಗೀದೇ ಇದ್ರೆ ಏನಾಗುತ್ತಕ್ಕಾ?"

"ಅವ್ನು ಬಿಡಲ್ಲ, ಇವ್ಳು ಒಪ್ಪಲ್ಲ. ಕಚ್ಚಾಡಿ ಸಾಯ್ತಾರೆ."

"ಬೇಡ ಅಂದ್ರೆ ತೆಗೆಯೋಕೆ ಅವಳಿಗೆ ನೀನಿದೀಯ." ಜಿರಲೆ ಡಬ್ಬಿ ತೆರೆದಳು, ವಾಸನೆಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಆಗ ಗೊತ್ತಾಯಿತು. ಬಸುರಿ. ಗಂಡನಿಗೂ ಹೇಳಿಲ್ಲ. ಮೊದಲಿನದು ಅವನ ಒದೆತಕ್ಕೇ ಹೋಗಿತ್ತು.

ಈ ಸಲ ಕಳಿಸುವುದಿಲ್ಲ. ಬರೆದಿಡುತ್ತೇನೆ — ಕಳಿಸುವುದಿಲ್ಲ.

ನವೆಂಬರ್ 16, ಸಂಜೆ



ಬಂದರು. ಇನ್ಯಾಸ್, ಅವನ ಕಡೆಯ ಮೂವರು ಮುದುಕರು, ಒಂದು ಬಾಟಲಿ ರಮ್, ಒಂದು ಕೆಂಪು ಹುಂಜ. ಅಣ್ಣನಾದವನು ಬಾಟಲಿ ತೆರೆದು ಪಿತೃಗಳಿಗೆ ಮೊದಲ ತೊಟ್ಟು ಸುರಿದರೆ ಒಪ್ಪಿದಂತೆ. ಹೆಣ್ಣು ಎದ್ದು ಹೊರಡಬೇಕು.

"ಹುಡುಗ ದುಡುಕಿದ. ದೊಡ್ಡದು ಮಾಡ್ಬೇಡಿ" ಎಂದ ಹಿರಿಯ ಮುದುಕ. ತಿಲಾಹಿ ಬಾಟಲಿಗೆ ಕೈಹಾಕಿದ.

"ಅಣ್ಣಾ, ಆ ಮುಚ್ಚಳ ತೆಗೆದ್ರೆ ನಾಳೆ ಇವಳ ಹೆಣ ತರೋಕೂ ನೀನೇ ಹೋಗ್ಬೇಕು" ಎಂದೆ.

"ಗಂಡಸ್ರು ಮಾತಾಡ್ತಿದೀವಿ. ಬಾಯಿ ಮುಚ್ಚು ಝೆಲಿನ್."

ಇನ್ಯಾಸ್ ಆಗಲೇ ಕುಡಿದಿದ್ದ. ನಗುತ್ತಾ ಗೂಡುಗಳ ಹತ್ತಿರ ಹೋದ. "ಅಕ್ಕಾವ್ರಿಗೆ ಗಂಡ ಇಲ್ಲ, ಇವೇ ಗಂಡಂದಿರು. ಪಟ್ಟದ ಗಂಡ ಇದೇನಾ?" — ನೆಟ್ಟಗೆ ಬೆರಳು ಚಾಚಿ ಕರ್ನಲ್‌ನನ್ನು ತೋರಿಸಿದ.

"ಬೆರಳು! ಬೆರಳು ಮಡಚೋ ಮುಠ್ಠಾಳ!" ಮುದುಕರು ಕೂಗಿದರು. ಹಟಕ್ಕೆ ಕಿಂಡಿಯೊಳಗೇ ತೂರಿಸಿದ. ಕರ್ನಲ್ ಕಚ್ಚಿದ. ಬಿಡಲಿಲ್ಲ. ಕೈ ಬಲೆ ಹರಿದುಕೊಂಡು ಆಚೆ ಬಂತು, ಕರ್ನಲ್ ಬೆರಳಿಗೆ ಜೋತು ಬಿದ್ದಿದ್ದ. ಇನ್ಯಾಸ್ ಅವನನ್ನು ಕಂಬಕ್ಕೆ ಅಪ್ಪಳಿಸಿದ. ಮತ್ತೆ. ಮತ್ತೆ. ದವಡೆ ಒಡೆದರೂ ಹಲ್ಲು ಬೆರಳಿನಲ್ಲೇ ಇತ್ತು. ಕೆಂಪೆಲ್ಲ ಇಳಿದು ಕರ್ನಲ್ ಬೂದಿಬಣ್ಣವಾದ.

ಹಿರಿಯ ಮುದುಕ ಎದ್ದ. ಅಣ್ಣನ ಕೈಯಿಂದ ಬಾಟಲಿ ಕಿತ್ತುಕೊಂಡ. "ಊಸರವಳ್ಳಿ ಕೊಂದೋನ ಪರವಾಗಿ ನಾವು ಮಾತಾಡಲ್ಲ." ಹುಂಜವನ್ನೂ ಎತ್ತಿಕೊಂಡು ಮೂವರೂ ನಡೆದರು.

ಇನ್ಯಾಸ್ ಫೆಲಾನಳ ಜುಟ್ಟು ಹಿಡಿದು ಎಳೆದ. ತಿಲಾಹಿ ಕಲ್ಲಿನಂತೆ ನಿಂತಿದ್ದ. ಅಕ್ಕಿ ಕುಟ್ಟುವ ಒನಕೆ ಎತ್ತಿ ಇನ್ಯಾಸ್‌ನ ಮೊಣಕಾಲಿಗೆ ಬಿಟ್ಟೆ. ಏನೋ ಮುರಿದ ಸದ್ದಾಯಿತು. ಖುಷಿಯಾಯಿತು. ಹೌದು, ಖುಷಿಯೇ.

ನವೆಂಬರ್ 18

ಊರ ಹಿರಿಯರ ತೀರ್ಮಾನ ಬಂತು. ಊಸರವಳ್ಳಿ ಕೊಂದದ್ದಕ್ಕೆ ಒಂದು ಎತ್ತು ಕಡಿದು ಶುದ್ಧಿ. ಅಲ್ಲಿಯವರೆಗೆ ಹೆಂಡತಿಯನ್ನು ಕೇಳುವ ಹಾಗಿಲ್ಲ. ಊಸರವಳ್ಳಿಗೆ ಎತ್ತು, ಫೆಲಾನಳ ಪಕ್ಕೆಲುಬಿಗೆ ಒಂದು ಬಾಟಲಿ ರಮ್. ಥೂ. ಆದರೆ ಅವಳು ಇಲ್ಲಿದ್ದಾಳೆ. ಕರ್ನಲ್, ನಿನ್ನ ಋಣ ತೀರಿಸಲಾರೆ ಕಣೋ. ಬಾಳೆಯ ಬುಡದಲ್ಲಿ ಹೂತೆ.

ಡಿಸೆಂಬರ್ 2

ಬಹಳ ದಿನ ಬರೆಯಲಾಗಲಿಲ್ಲ. ಫೆಲಾನಳಿಗೆ ರಕ್ತ ಕಂಡಿತ್ತು, ಮಲಗಿಸಿಯೇ ಇಟ್ಟಿದ್ದೆ. ಈಗ ನಿಂತಿದೆ. ಮಗು ಉಳಿದಿದೆ ಎಂದಳು ಸೂಲಗಿತ್ತಿ.

ಮಾದಾಂ ಮೊಟ್ಟೆಯಿಡಲು ನೆಲ ಕೆರೆಯುತ್ತಿದ್ದಾಳೆ. ಒದ್ದೆ ಮರಳಿನ ಬಕೆಟ್ ಇಟ್ಟೆ. ಮೂಸಿ ಬಿಟ್ಟಳು.

ಪೇಟೆಯಿಂದ ಸುದ್ದಿ. ಇನ್ಯಾಸ್‌ನ ಬೆರಳು ಕೊಳೆತು, ಆಸ್ಪತ್ರೆಯಲ್ಲಿ ಕತ್ತರಿಸಿದರಂತೆ. ಗಾಯಕ್ಕೆ ಗ್ರೀಸು, ಮಣ್ಣು — ಕೊಳೆಯದೆ ಇನ್ನೇನು? ಊರವರು ಮಾತ್ರ ಬೇರೆ ಕಾರಣ ಹೇಳುತ್ತಾರೆ. ಅವನೂ ಅದನ್ನೇ ನಂಬಿದ್ದಾನೆ. ಲಾರಿ ಮುಟ್ಟುತ್ತಿಲ್ಲ, ರಸ್ತೆಯಲ್ಲಿ ಊಸರವಳ್ಳಿ ಕಂಡರೆ ಬೆವರುತ್ತಾನಂತೆ. ಎತ್ತು ಗಿತ್ತು ಕಡಿಯಲ್ಲ, ಅವಳನ್ನೇ ಕಡಿತೀನಿ ಎಂದು ಕುಡಿದು ಕೂಗಿದನಂತೆ.

ಡಿಸೆಂಬರ್ 3, ಮಧ್ಯಾಹ್ನ

ಬಂದಿದ್ದಾನೆ. ಒಬ್ಬನೇ. ಕುಂಟುತ್ತಾ, ಜಾಕಿ ರಾಡ್ ಹಿಡಿದು. ದೂರದಲ್ಲೇ ಕಂಡೆ. ಫೆಲಾನಳಿಗೆ ಓಡಲಾಗದು. ಪಕ್ಕದ ಮನೆಯವಳು ಅಣ್ಣನನ್ನು ಕರೆಯಲು ಓಡಿದ್ದಾಳೆ.

ಎಲ್ಲ ಗೂಡುಗಳನ್ನೂ ತೆರೆದುಬಿಟ್ಟೆ. ಎರಡೂ ಕೈಯಲ್ಲಿ ತುಂಬಿಕೊಂಡು ಹೋಗಿ ಬೇಲಿಯ ಮೇಲೆ, ಗೇಟಿನ ಮೇಲೆ, ದಾರಿಯ ಮೇಲೆ ಬಿಟ್ಟೆ. ಕ್ರಿಸ್‌ಮಸ್‌ಗೆ ಮುಂಚೆ ರಾಜಧಾನಿಯ ಕಂಪನಿಗೆ ಮಾರಾಟವಾಗಬೇಕಾಗಿದ್ದವು. ವರ್ಷಗಟ್ಟಲೆ ಸಾಕಿದ್ದು. ಹೋಗಲಿ. ಬಾಗಿಲು ಹಾಕಿ ಕಿಟಕಿಯಲ್ಲಿ ಕೂತಿದ್ದೇನೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ನಿಂತ! ಬೇಲಿಯಿಂದ ಮಾರು ದೂರದಲ್ಲಿ ನಿಂತುಬಿಟ್ಟ. ರಾಡ್ ಎತ್ತಿದ, ಇಳಿಸಿದ.

"ಅವನ್ನ ತೆಗೀರಿ! ತೆಗೀರೇ, ಮಾಟಗಾತೀರಾ!"

"ನೀನೇ ತೆಗಿಯೋ! ಇನ್ನೂ ಬೆರಳಿವೆಯಲ್ಲಾ!"

ಗೇಟಿನ ಕಂಬದ ಮೇಲೆ ಎರಡು ಗಂಡುಗಳು ದವಡೆಗೆ ದವಡೆ ಹಾಕಿ ಕಚ್ಚಾಡುತ್ತಿವೆ. ರಕ್ತ ಸುರಿಯುತ್ತಿದೆ. ಅದನ್ನೇ ನೋಡುತ್ತಿದ್ದಾನೆ.

ಆದರೆ ಇವು ಇಟ್ಟಲ್ಲಿ ಇರುವ ಪ್ರಾಣಿಗಳಲ್ಲ. ಒಂದು ಲಿಚಿ ಮರ ಹತ್ತಿತು. ಕಚ್ಚಾಡುತ್ತಿದ್ದವು ಆಚೆ ಬಿದ್ದವು. ದಾರಿಯ ಮೇಲಿದ್ದವು ಹುಲ್ಲಿಗೆ ಹೊರಟಿವೆ. ಬೇಲಿ ಖಾಲಿಯಾಗುತ್ತಿದೆ. ಅವನಿಗೂ ಅದು ಗೊತ್ತು. ಕಾಯುತ್ತಿದ್ದಾನೆ, ಕೈಕಟ್ಟಿ — ಲಾರಿ ನಿಲ್ಲಿಸಿ ಕಾಯುವ ಹಾಗೆ.

ಮಾದಾಂ ಒಬ್ಬಳೇ ಉಳಿದಿದ್ದಾಳೆ, ಗೇಟಿನ ಮೇಲೆ. ಕಪ್ಪಾಗಿ ಬಾಯಿ ತೆರೆದಿದ್ದಾಳೆ. ಅವಳಿಗೂ ಕೂರಲಾಗದು, ಮರಳು ಹುಡುಕಬೇಕು. ಇಳಿದಳು. ಗೇಟಿನ ಬುಡದಲ್ಲೇ ಕೆರೆಯುತ್ತಿದ್ದಾಳೆ.

ಅಣ್ಣ ಇನ್ನೂ ಬಂದಿಲ್ಲ.

ಇನ್ಯಾಸ್ ಕಾಲೆತ್ತಿದ. ಮಾದಾಂಳನ್ನು ಜೋಪಾನವಾಗಿ ದಾಟಿಕೊಂಡು ಒಳಗೆ ಬಂದ. ಅವಳಿಗೆ ಏನೂ ಮಾಡಲಿಲ್ಲ.

ಫೆಲಾನ ಮಚ್ಚು ತೆಗೆದುಕೊಂಡಿದ್ದಾಳೆ. ಚಿಲಕ ಸರಿಸಿದಳು. ತಾಳೇ, ನಾನೂ ಬರ್ತೀ—