ವಿಭೂತಿ ಬಳಿದ ಪ್ಲಾಸ್ಟಿಕ್ ಪರದೆ

ಮಾವ,

ನಮ್ಮ ಬ್ಯಾಟರಿ ಆಟೊ ಗಾಡಿಯ ಮುಂದಿನ ಪರದೆ ಗಾಜಲ್ಲ, ಪ್ಲಾಸ್ಟಿಕ್. ನಿನ್ನೆ ನೀವು ಅದಕ್ಕೆ ಬಳಿದ ವಿಭೂತಿಯನ್ನು ಒಣ ಟವೆಲಿನಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಸುರಿಯಿರಿ. ಆಮೇಲೆ ನಿಮ್ಮ ಹಳೆಯ ಪಂಚೆಯನ್ನು ಸೋಪಿನ ನೀರಲ್ಲಿ ಅದ್ದಿ ಮೆಲ್ಲಗೆ ಒರೆಸಿ. ಸೀಮೆಎಣ್ಣೆ ಬೇಡ. ಅತ್ತೆ ಹೇಳಿದರೂ ಬೇಡ.

ಗಾಡಿಗೆ ಹಾರ ತರಲು ಶಿರಸಿಗೆ ಹೋಗಿದ್ದೇನೆ.

ಹೊಸ ಗಾಡಿಯನ್ನು ಗಂಡನಿಲ್ಲದವಳು ಮೊದಲು ಓಡಿಸಬಾರದು ಎಂದು ಹಿಂದಿನ ಓಣಿಯ ದೇವಕ್ಕ ಅಂದಾಗ ನೀವು, "ಅಕಿ ಒಬ್ಬಾಕೀನ ಓಡಸಾಕ ಕಲಿತಾಳ, ನೀ ಓಡಸ್ತೀಯೇನು?" ಎಂದಿರಿ. ಮಲಗಿದ ಮೇಲೂ ನಗು ಬಂತು. ನಿಮ್ಮ ಮಗ ತೀರಿಹೋದ ಮೇಲೆ ನಾನು ನಕ್ಕಿದ್ದು ಇದೇ ಮೊದಲು.

ಸಂಜೆ ಗಾಡಿ ನಾನೇ ತೆಗೆಯುತ್ತೇನೆ. ಅತ್ತೆಗೆ ಇಳಕಲ್ ಸೀರೆ ಉಡಲು ಹೇಳಿ. ಹಿಂದಿನ ಓಣಿಯಿಂದಲೇ ಹೋಗೋಣ, ನಿಧಾನವಾಗಿ.

ಶೈಲಜಾ